ಪೊಯ್ಯೆಗುಡ್ಡೆಯ ಹನ್ನೊಂದನೆಯವನು

ಪಂದ್ಯಾವಳಿಯ ಮುನ್ನೋಟದ ನಾಲ್ಕನೆಯ ಪ್ಯಾರಾಕ್ಕೆ ಬಂದು ಶಾಮಸುಂದರ ನಿಂತುಬಿಟ್ಟಿದ್ದ. ಮೊದಲ ಮೂರು ಪ್ಯಾರಾಗಳು ಕಾಫಿ ಆರುವುದರೊಳಗೆ ಸರಾಗವಾಗಿ ಬಂದಿದ್ದವು. "ಈ ಋತುವಿನಲ್ಲಿ ಪೊಯ್ಯೆಗುಡ್ಡೆ ಕಾಲೇಜನ್ನು ಹಗುರವಾಗಿ ತೆಗೆದುಕೊಂಡವರು ಪಶ್ಚಾತ್ತಾಪ ಪಡಲಿದ್ದಾರೆ" ಎಂಬ ಮೊದಲ ವಾಕ್ಯ ಅವನಿಗೆ ಎಷ್ಟು ಹಿಡಿಸಿತ್ತೆಂದರೆ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದ, ಅಡಿಗೆಮನೆಯಿಂದ ಹೆಂಡತಿ ಸ್ವರ್ಣಲತಾ "ಯಾರ ಹತ್ತಿರ ಮಾತಾಡ್ತಾ ಇದ್ದೀರಿ?" ಎಂದು ಕೇಳಿದ್ದಳು. ಹೋದ ವರ್ಷವೂ ಅದೇ ವಾಕ್ಯವಿತ್ತು, ಅದರ ಹಿಂದಿನ ವರ್ಷವೂ. ಆದರೆ ಆಗೆಲ್ಲ "ಆಶ್ಚರ್ಯ" ಎಂದು ಬರೆದಿದ್ದ. "ಪಶ್ಚಾತ್ತಾಪ" ಈ ವರ್ಷದ ಹೊಸ ಸೇರ್ಪಡೆ. ಕರಾವಳಿಯ ಎಂಟು ಕಾಲೇಜುಗಳ ಹಳೆಯ ವಿದ್ಯಾರ್ಥಿಗಳು ದುಬೈಯಲ್ಲಿ ಪ್ರತಿ ಚಳಿಗಾಲ ಶುಕ್ರವಾರಗಳಂದು ಆಡುವ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಪೊಯ್ಯೆಗುಡ್ಡೆ ಒಂಬತ್ತು ವರ್ಷ ಆಡಿ ಒಂದೇ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಒಮ್ಮೆ ಮಾತ್ರ ಸೋಲದೆ ಬಂದಿತ್ತು. ಅಂದು ಮರಳುಗಾಳಿ ಎದ್ದು ಹನ್ನೆರಡನೆಯ ನಿಮಿಷಕ್ಕೆ ಆಟ ನಿಲ್ಲಿಸಿದ್ದರು. ಮರುವರ್ಷದ ಮುನ್ನೋಟದಲ್ಲಿ ಶಾಮಸುಂದರ ಆ ಪಂದ್ಯಕ್ಕೆ ಇಡೀ ಒಂದು ಪ್ಯಾರಾ ಕೊಟ್ಟಿದ್ದ.

ಈ ಮುನ್ನೋಟವನ್ನು ಯಾರೂ ಅವನಿಂದ ಕೇಳಿದವರಲ್ಲ. ಕಂಪೆನಿಯ ಕಂಪ್ಯೂಟರಿಗೆ ಕನ್ನಡ ಅಕ್ಷರ ಬಂದ ವರ್ಷದಿಂದ ಅವನು ಇದನ್ನು ಟೈಪು ಮಾಡಿ ಇಪ್ಪತ್ತೇಳು ಮಂದಿಗೆ ಈಮೇಲ್ ಕಳಿಸುತ್ತ ಬಂದಿದ್ದಾನೆ. ಹೋದ ಸಲ ಒಂದೇ ಒಂದು ಉತ್ತರ ಬಂದಿತ್ತು. ಕೈಯಲ್ಲಿದ್ದ ಕಾಫಿ ಕೆಳಗಿಟ್ಟು ಅದನ್ನು ತೆರೆದಿದ್ದ. ಯಾರೋ ವಾರ್ಷಿಕ ರಜೆಯ ಮೇಲೆ ಊರಿಗೆ ಹೋಗಿರುವುದಾಗಿ ಅವರ ಕಂಪ್ಯೂಟರೇ ತಿಳಿಸಿತ್ತು. ಇರಲಿ, ತಲುಪಿದೆಯೆಂದಾದರೂ ಆಯಿತು. ಈ ವರ್ಷದ ಸಂಗತಿಯೇ ಬೇರೆ. ಈ ವರ್ಷ ನಿಹಾಲ್ ಇದ್ದಾನೆ. ಇಪ್ಪತ್ನಾಲ್ಕರ ಹುಡುಗ, ಯೂನಿವರ್ಸಿಟಿಗೆ ಆಡಿದವನು, ಈಗ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ವಿಲ್ಲಾ ಕಟ್ಟಿಸುವ ಕಾಂಟ್ರಾಕ್ಟರನ ಸೈಟ್ ಆಫೀಸಿಗೆ ಸೇರಿದ್ದಾನೆ. ಅವನ ಎಡಗಾಲಿನ ಒಂದು ಹೊಡೆತವನ್ನು ರಂಜಾನಿಗೆ ಮೊದಲು ಪ್ರಾಕ್ಟೀಸಿನಲ್ಲಿ ನೋಡಿದಾಗ ಶಾಮಸುಂದರನ ಕಣ್ಣಲ್ಲಿ ನೀರು ಬಂದಿತ್ತು. ಮರಳು ಹಾರಿತು ಎಂದು ಕಣ್ಣೊರೆಸಿಕೊಂಡಿದ್ದ. ಮೂರನೆಯ ಪ್ಯಾರಾ ಪೂರ್ತಿ ಆ ಎಡಗಾಲಿನದೇ. ನಾಲ್ಕನೆಯದು ರೈಟ್ ಬ್ಯಾಕಿನದು, ಅಂದರೆ ಅಬ್ದುಲ್ಲನದು. ಆ ಅಬ್ದುಲ್ಲನನ್ನು ಅವನ ಕಂಪೆನಿ ಆರು ತಿಂಗಳ ಮಟ್ಟಿಗೆ ಮಸ್ಕತ್ತಿಗೆ ಕಳಿಸಿದೆ ಎಂದು ನಿನ್ನೆ ಸಂಜೆ ಫೋನಿನಲ್ಲಿ ಹೇಳಿದವನು ಗೋಲು ಕಾಯುವ ಗೋಲಿಯೂ ಕ್ಯಾಪ್ಟನ್ನೂ ಆದ ಅಬ್ದುಲ್ ಸಲಾಂ. ಹೇಳಿ, ಉಸಿರು ತೆಗೆದುಕೊಳ್ಳುವಷ್ಟು ಬಿಟ್ಟು, "ನೀನು ಈವ್ನಿಂಗ್ ಕಾಲೇಜಿನವ ಅಲ್ವಾ ಶಾಮ? ಹನ್ನೊಂದನೆಯವ ನೀನೇ. ನಾಳೆ ರಿಜಿಸ್ಟ್ರೇಷನ್. ಮಾರ್ಕ್ಸ್ ಕಾರ್ಡ್ ತಾ, ಅಟೆಸ್ಟೆಡ್ ಆದದ್ದು. ಇಲ್ಲದಿದ್ರೆ ಟೀಮೇ ಕ್ಯಾನ್ಸಲ್, ಖಲಾಸ್" ಎಂದಿದ್ದ.

ಶಾಮಸುಂದರ ಪೊಯ್ಯೆಗುಡ್ಡೆ ಕಾಲೇಜಿನ ಈವ್ನಿಂಗಿನಲ್ಲಾಗಲಿ ಮಾರ್ನಿಂಗಿನಲ್ಲಾಗಲಿ ಓದಿದವನಲ್ಲ. ಅವನು ಓದಿದ್ದು ಕೋಟೆಬೆಟ್ಟು ಕಾಲೇಜಿನಲ್ಲಿ. ಊರಿನಲ್ಲೂ ದುಬೈಯಲ್ಲೂ ಪ್ರತಿ ವರ್ಷ ಕಪ್ ಎತ್ತುವ, ಪ್ರತಿ ವರ್ಷ ಪೊಯ್ಯೆಗುಡ್ಡೆಯನ್ನು ಚಚ್ಚಿ ಕಳಿಸುವ ಕೋಟೆಬೆಟ್ಟು.

"ದೋಸೆ ತಣ್ಣಗಾಗ್ತದೆ" ಎಂದಳು ಸ್ವರ್ಣಲತಾ. "ಇನ್ನು ಐದು ನಿಮಿಷ" ಎಂದು ಅವನು ಕೂತಲ್ಲಿಂದಲೇ ಹೇಳಿದ. ಅವಳು ಗ್ಯಾಸು ಸಣ್ಣದು ಮಾಡಿದ ಸದ್ದು ಕೇಳಿಸಿತು. ಅವನ ಐದು ನಿಮಿಷವೆಂದರೆ ಇಪ್ಪತ್ತು ಎಂಬುದು ಮದುವೆಯಾದ ವರ್ಷವೇ ಅವಳಿಗೆ ತಿಳಿದುಹೋಗಿತ್ತು. ನಾಲ್ಕರಿಂದ ಗುಣಿಸಿಯೇ ಅವಳು ಸಂಸಾರ ನಡೆಸಿಕೊಂಡು ಬಂದಿದ್ದಳು. ಶಾಮಸುಂದರ ಎದ್ದು ಕೋಣೆಗೆ ಹೋಗಿ ಕಪಾಟಿನ ಮೇಲಿನ ಸೂಟ್‌ಕೇಸು ಇಳಿಸಿ ಪ್ಲಾಸ್ಟಿಕ್ ಫೈಲು ತೆಗೆದ. ಎರಡೂ ಕಾಲೇಜುಗಳಿಗೆ ಯೂನಿವರ್ಸಿಟಿ ಒಂದೇ, ಕಾಗದ ಒಂದೇ, ಮೇಲಿನ ಲಾಂಛನ ಒಂದೇ. ಒಂದು ಸಾಲು ಮಾತ್ರ ಬೇರೆ. ಆ ಸಾಲಿನ ಮೇಲೆ ಹೆಬ್ಬೆರಳಿಟ್ಟು ನೋಡಿದ. ಕೋಟೆಬೆಟ್ಟು ಪೂರ್ತಿ ಮುಚ್ಚಿತು, "ಕಾಲೇಜು" ಎಂಬುದಷ್ಟೇ ಉಳಿಯಿತು. ಬೆರಳು ಎತ್ತಿದ, ಇಟ್ಟ, ಎತ್ತಿದ. ಬಾಗಿಲಲ್ಲಿ ಮಗಳು ಮಾನ್ಯ ನಿಂತಿದ್ದಳು, ಒಂಬತ್ತು ವರ್ಷದವಳು. "ಪಪ್ಪಾ, ವಾಟ್ ಆರ್ ಯೂ ಹೈಡಿಂಗ್?" ಎಂದಳು. ಏನೂ ಇಲ್ಲ ಮಗಳೇ, ಹಳೇ ಕಾಗದ, ಎಂದ. ಅವಳು ಒಂದು ಗಳಿಗೆ ಅವನ ಹೆಬ್ಬೆರಳನ್ನೇ ನೋಡಿ, "ಓಕೆ" ಎಂದು ಟೀವಿಯ ಕಡೆಗೆ ಹೋದಳು. ಅವಳು ಇನ್ನೊಂದು ಪ್ರಶ್ನೆ ಕೇಳಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ ಎಂದು ಅವನಿಗೆ ಅನ್ನಿಸಿತು. ಆದರೆ ಟೀವಿಯಲ್ಲಿ ಏನೋ ಶುರುವಾಗಿತ್ತು.

ಸುಳ್ಳು ಶುರುವಾದದ್ದು ತೊಂಬತ್ತಾರರಲ್ಲಿ, ಕಾನ್ಸುಲೇಟಿನ ಕ್ಯೂನಲ್ಲಿ ಎಂದು ಲೋಕದ ಲೆಕ್ಕ. ಪಾಸ್‌ಪೋರ್ಟು ರಿನ್ಯೂ ಮಾಡಿಸಲು ನಿಂತಿದ್ದಾಗ ಮುಂದಿದ್ದವನು ಹಿಂದೆ ತಿರುಗಿದ. ಆರು ವರ್ಷ ಹಿಂದೆ ಒಮ್ಮೆ ನೋಡಿದ್ದ ಅದೇ ಮುಖ, ಅದೇ ಅಗಲ ಹಣೆ; ಹೆಸರು ಸಲಾಂ ಎಂದು ಆಮೇಲೆ ತಿಳಿಯಿತು. ಅವನ ಕೈಯಲ್ಲಿದ್ದ ಫೈಲಿನ ಮೇಲೆ ಪೊಯ್ಯೆಗುಡ್ಡೆ ಎಂದಿತ್ತು. "ಊರಿನವರಾ? ಯಾವ ಕಾಲೇಜು?" ಎಂದು ಆ ಮುಖ ನಗುತ್ತ ಕೇಳಿದಾಗ, "ಪೊಯ್ಯೆಗುಡ್ಡೆ" ಎಂದು ಬಾಯಿಂದ ಹೊರಟುಹೋಯಿತು. ಯಾವ ಬ್ಯಾಚು, ನಿಮ್ಮನ್ನು ನೋಡಿದ ಹಾಗಿಲ್ಲವಲ್ಲ ಎಂದಾಗ, ಈವ್ನಿಂಗ್, ಎಂದ. ಈವ್ನಿಂಗ್ ಕಾಲೇಜು ಅಷ್ಟರಲ್ಲಿ ಮುಚ್ಚಿತ್ತು, ಕೇಳುವವರು ಯಾರೂ ಇರಲಿಲ್ಲ. ಹೀಗೆ ಹನ್ನೊಂದು ವರ್ಷ. ಮದುವೆಯಾಗಿ ಬಂದ ಸ್ವರ್ಣಲತಾ ಪೊಯ್ಯೆಗುಡ್ಡೆಯವರ ಮೊದಲ ಪಿಕ್‌ನಿಕ್ಕಿನಲ್ಲೇ ಬಾಯಿ ತೆರೆದು ಇಡೀ ಗುಟ್ಟು ಕೆಡಿಸುವುದರಲ್ಲಿದ್ದಳು. ಶಾಮಸುಂದರ ಅವಳ ಬಾಯಿಗೆ ಒಂದು ಬಜ್ಜಿ ಇಟ್ಟು ಪಾರಾಗಿದ್ದ. ಅಂದು ಮನೆಗೆ ಬಂದ ಮೇಲೆ ಅವಳು, "ನಮ್ಮ ಅಪ್ಪನ ಹತ್ತಿರ ಹುಡುಗ ಕೋಟೆಬೆಟ್ಟು ಅಂತ ಹೇಳಿ ಮದುವೆ ಆದದ್ದು. ಈಗ ಪೊಯ್ಯೆಗುಡ್ಡೆ ಅಂದ್ರೆ ಹೇಗೆ ಮಾರಾಯ್ರೆ?" ಎಂದಿದ್ದಳು.

ಆದರೆ ಅವನ ಲೆಕ್ಕದಲ್ಲಿ ಸುಳ್ಳು ಶುರುವಾದದ್ದು ಅದಕ್ಕೂ ಆರು ವರ್ಷ ಮೊದಲು, ಕೋಟೆಬೆಟ್ಟಿನ ಮೈದಾನದಲ್ಲಿ. ಸ್ನಾನದ ಕೋಣೆಯಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದಾಗ ಆ ಮೈದಾನ ಮತ್ತೆ ಬಂತು. ಏಳು ಗೋಲು ಆಗಿದ್ದವು. ಆರಕ್ಕೂ ಅವನು ತಟ್ಟೆ ಬಡಿದಿದ್ದ. ಹಾಸ್ಟೆಲಿನ ಊಟದ ತಟ್ಟೆ, ಅದಕ್ಕೆ ಚಮಚದ ಪೆಟ್ಟು. ಏಳನೆಯದು ಗೋಲುಕಂಬ ದಾಟಿ ಬೇಲಿಯ ಲಾಂಟಾನಾ ಮುಳ್ಳುಪೊದೆಗೆ ಬಿತ್ತು. ಪೊಯ್ಯೆಗುಡ್ಡೆಯ ಗೋಲಿ ಚೆಂಡು ತರಲು ಬಂದ. ಅವಸರವಿಲ್ಲದೆ ಬಂದ. ಮುಳ್ಳು ಕೈಗೆ ಗೀರಿದ್ದನ್ನು ನೋಡಿಕೊಂಡ, ಚೆಂಡನ್ನು ಜೆರ್ಸಿಗೆ ಒರೆಸಿದ. ಅಲ್ಲಿ ನಿಂತ ನೂರು ಮಂದಿಯಲ್ಲಿ ಕೈಗಡಿಯಾರ ಕಟ್ಟಿದವನನ್ನು ಹುಡುಕಿ, ಶಾಮಸುಂದರನ ಹತ್ತಿರ ಬಂದು, "ಟೈಮ್ ಎಷ್ಟು ಉಂಟು ಇನ್ನು?" ಎಂದು ಕೇಳಿದ. ಸೋದರಮಾವ ಕೊಟ್ಟ ಎಚ್ಎಂಟಿ ವಾಚಿನಲ್ಲಿ ಇನ್ನೂ ಇಪ್ಪತ್ತೈದು ನಿಮಿಷ ಇತ್ತು. ಆ ಮುಖ ನೋಡಿ ಇಪ್ಪತ್ತೈದು ಎನ್ನಲು ಅವನಿಂದ ಆಗಲಿಲ್ಲ. "ಇನ್ನು ಐದು ನಿಮಿಷ" ಎಂದ. ಗೋಲಿಯ ಮುಖ ಬೆಳಗಿತು. ಅವನು ಓಡಿಹೋಗಿ ಗೋಲಿನಲ್ಲಿ ನಿಂತು, ಐದು ನಿಮಿಷಕ್ಕೆಂದು ಉಳಿಸಿಕೊಂಡ ಶಕ್ತಿಯನ್ನೆಲ್ಲ ಒಟ್ಟುಮಾಡಿ ಎಡಕ್ಕೂ ಬಲಕ್ಕೂ ಹಾರಿದ. ಅಂಥ ಗೋಲಿಯನ್ನು ಶಾಮಸುಂದರ ಆಮೇಲೆ ಟೀವಿಯಲ್ಲೂ ನೋಡಿಲ್ಲ. ಆರನೆಯ ನಿಮಿಷದಲ್ಲಿ ಮೊಣಕಾಲು ತಿರುಚಿತು. ಉಳಿದ ಹತ್ತೊಂಬತ್ತು ನಿಮಿಷ ಅವನು ಒಂದೇ ಕಾಲಿನಲ್ಲಿ ಕಂಬ ಹಿಡಿದು ನಿಂತ. ಇನ್ನೂ ನಾಲ್ಕು ಗೋಲು ಆದವು. ಹನ್ನೊಂದು ಸೊನ್ನೆ. ಶಾಮಸುಂದರನ ತಟ್ಟೆ ಮತ್ತೆ ಸದ್ದು ಮಾಡಲಿಲ್ಲ. ಅಂದಿನಿಂದ ಅವನು ಪೊಯ್ಯೆಗುಡ್ಡೆಯವನು. ಇದನ್ನು ಯಾವ ಮಾರ್ಕ್ಸ್ ಕಾರ್ಡಿನಲ್ಲಿ ಬರೆಯುತ್ತಾರೆ?

ಮಧ್ಯಾಹ್ನ ಊಟಕ್ಕೆ ಕುಳಿತಾಗ ಸ್ವರ್ಣಲತಾ ಕೇಳಿದಳು: "ಎಂತ ಮಾಡ್ತೀರಿ?" "ಏನು ಮಾಡುದು. ಹೋಗ್ಲೇಬೇಕು. ಹೋಗದಿದ್ರೆ ಟೀಮ್ ಇಲ್ಲ. ನಿಹಾಲ್ ಬಂದ ವರ್ಷವೇ ಟೀಮ್ ಇಲ್ಲ." "ಹೋದ್ರೆ?" "ಹೋದ್ರೆ ಸಲಾಂ ಇಲ್ಲ." ಅವಳು ಸಾರು ಬಡಿಸಿದಳು. ಸಲಾಂ ಪ್ರತಿ ಋತುವಿನಲ್ಲಿ ಒಮ್ಮೆಯಾದರೂ ಆ ಐದು ನಿಮಿಷದ ಕಥೆ ಹೇಳುತ್ತಿದ್ದ, ಹೇಳಿ ಕೊನೆಗೆ ಮೊಣಕಾಲು ತಟ್ಟಿಕೊಂಡು, ಆ ಬೇವರ್ಸಿ ಎಂದಾದರೂ ಕೈಗೆ ಸಿಗಲಿ ಎನ್ನುತ್ತಿದ್ದ. ಅದನ್ನು ಸ್ವರ್ಣಲತಾ ಕೂಡ, ಆ ಬೇವರ್ಸಿ ಯಾರೆಂದು ಗೊತ್ತಿದ್ದೂ, ಮೂರ್ನಾಲ್ಕು ಪಿಕ್‌ನಿಕ್ಕಿನಲ್ಲಿ ಬಜ್ಜಿ ತಿನ್ನುತ್ತ ಕೇಳಿದ್ದಳು. "ಒಳ್ಳೇದಕ್ಕೇ ಹೇಳಿದ್ದಲ್ವಾ ನೀವು" ಎಂದಳು. ಅವಳ ಸ್ವರ ಎಂದಿಗಿಂತ ಮೆತ್ತಗಿತ್ತು. ಅದರಿಂದ ಅವನಿಗೆ ಇನ್ನಷ್ಟು ಭಯವಾಯಿತು.

ರಿಜಿಸ್ಟ್ರೇಷನ್ ಇದ್ದದ್ದು ಕರಾಮಾದಲ್ಲಿ, ಒಂದು ಹೋಟೆಲಿನ ಮೇಲಿನ ಹಾಲಿನಲ್ಲಿ. ಕೆಳಗಿಂದ ಮಸಾಲೆದೋಸೆಯ ವಾಸನೆ ಬರುತ್ತಿತ್ತು. ಮೇಜಿನ ಹಿಂದೆ ಕೂತವನು ಕಾರ್ಯದರ್ಶಿ ಗುರುದತ್ತ. ಮೈಸೂರಿನವನು, ಅಲ್ ಬರ್ಷಾದಲ್ಲಿ ಮನೆ, ಸಾಫ್ಟ್‌ವೇರಿನ ಕೆಲಸ. ಕರಾವಳಿಯ ಯಾವ ಕಾಲೇಜಿನ ಜಗಳವೂ ತಟ್ಟದವನು ಬೇಕೆಂದು ಎಂಟು ಕಾಲೇಜಿನವರೂ ಸೇರಿ ಅವನನ್ನು ಹಿಡಿದು ತಂದಿದ್ದರು. ಫುಟ್‌ಬಾಲಿನಲ್ಲಿ ಎಷ್ಟು ಮಂದಿ ಎಂಬುದನ್ನು ಅವನು ನಿಯಮಾವಳಿ ಓದಿ ತಿಳಿದುಕೊಂಡಿದ್ದ. ಅಟೆಸ್ಟೇಷನ್ನಿನ ನಿಯಮವೂ ಅವನದೇ. ಹೋದ ವರ್ಷ ಒಂದು ಕಾಲೇಜಿನವರು ತಮ್ಮ ಆಫೀಸಿನ ಫಿಲಿಪಿನೋ ಒಬ್ಬನನ್ನು ಫಾರ್ವರ್ಡ್ ಆಡಿಸಿ, ಕೇಳಿದರೆ ಬಿ.ಎ., ಕನ್ನಡ ಮೇಜರ್, ಎಂದಿದ್ದರು. ಅವನು ಮೂರು ಗೋಲು ಹೊಡೆದ ಮೇಲೆಯೇ ಎಲ್ಲರಿಗೂ ಸಂಶಯ ಬಂದದ್ದು. ಹಾಗಾಗಿ ಈ ಸಲ ವೀಸಾಕ್ಕೆ ಬೇಕಾದಂತೆಯೇ ಫುಟ್‌ಬಾಲಿಗೂ ಬೆಂಗಳೂರಿನ ಮುದ್ರೆ, ದೆಹಲಿಯ ಮುದ್ರೆ, ಎಂಬೆಸಿಯ ಮುದ್ರೆ, ಇಲ್ಲಿನ ವಿದೇಶಾಂಗ ಖಾತೆಯ ಮುದ್ರೆ ಇರುವ ಕಾಗದವೇ ಆಗಬೇಕು. ಇದು ಅತಿಯಾಯಿತು ಎಂದು ಎಂಟು ಕಾಲೇಜುಗಳಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಇಷ್ಟು ಕಷ್ಟಪಟ್ಟು ಹಾಕಿಸಿದ ಮುದ್ರೆಗಳನ್ನು ಇನ್ನೊಂದು ಸಲ ಯಾರಿಗಾದರೂ ತೋರಿಸಲು ಸಿಕ್ಕಿತಲ್ಲ ಎಂದು ಒಳಗೊಳಗೇ ಎಲ್ಲರಿಗೂ ಖುಷಿಯೇ ಆಗಿತ್ತು.

ಸಾಲಿನಲ್ಲಿ ಸಲಾಂ ಮುಂದೆ, ನಡುವೆ ನಿಹಾಲ್, ಹಿಂದೆ ಶಾಮಸುಂದರ. ಉಳಿದವರು ಬೆಳಿಗ್ಗೆಯೇ ಬಂದು ಹೋಗಿದ್ದರು. ಅವನ ಹೆಬ್ಬೆರಳು ಆಗಲೇ ಕೋಟೆಬೆಟ್ಟಿನ ಮೇಲೆ ಕೂತಿತ್ತು. ಎಸಿ ಇದ್ದರೂ ಬೆರಳು ಬೆವರಿ ಕಾಗದಕ್ಕೆ ಅಂಟಿತ್ತು, ತುದಿ ಬಿಳಿಚಿತ್ತು. ಈಗ ಈ ಗುರುದತ್ತ ಓದುತ್ತಾನೆ. ಓದಿ, "ಏನ್ರೀ ಇದು" ಎನ್ನುತ್ತಾನೆ. ಸಲಾಂ ತಿರುಗುತ್ತಾನೆ. ಆ ಅಗಲ ಹಣೆಯಲ್ಲಿ ಮೊದಲು ಪ್ರಶ್ನೆ ಬರುತ್ತದೆ, ಆಮೇಲೆ ಲೆಕ್ಕ, ಕೊನೆಗೆ ಆ ಲಾಂಟಾನಾ ಬೇಲಿ. ಶಾಮಸುಂದರ ಈ ಮೂರನ್ನೂ ಎಷ್ಟು ಸ್ಪಷ್ಟವಾಗಿ ಕಂಡನೆಂದರೆ ಗುರುದತ್ತ "ಕೊಡಿ ಸಾರ್" ಎಂದದ್ದೇ ಕೇಳಿಸಲಿಲ್ಲ. "ಸಾರ್, ಕೊಡಿ." ಕೊಟ್ಟ, ಆದರೆ ಬಿಡಲಿಲ್ಲ. ಮೇಜಿನ ಎರಡು ಬದಿಯಿಂದ ಇಬ್ಬರೂ ಕಾಗದವನ್ನು ಹಿಡಿದಿದ್ದರು. "ಬಿಡಿ ಸಾರ್, ಹರಿದು ಹೋಗತ್ತೆ. ಸ್ಟಾಂಪಿಗೆ ಏನಾದ್ರೂ ಆದ್ರೆ ಮತ್ತೆ ದೆಹಲಿಗೆ ಕಳಿಸಬೇಕಾಗತ್ತೆ ನೀವು" ಎಂದ ಗುರುದತ್ತ, ನಿಜವಾದ ಕಾಳಜಿಯಿಂದ. ದೆಹಲಿ ಎಂದ ಕೂಡಲೇ ಶಾಮಸುಂದರನ ಬೆರಳು ತಾನಾಗಿ ಎದ್ದಿತು.

ಗುರುದತ್ತ ಕಾಗದವನ್ನು ತೆಗೆದುಕೊಂಡವನೇ ಮಗುಚಿ ಹಾಕಿದ. ಗಲ್ಫಿನಲ್ಲಿ ಐದು ವರ್ಷ ಕಳೆದ ಯಾರೂ ಸರ್ಟಿಫಿಕೇಟಿನ ಮುಖ ನೋಡುವುದಿಲ್ಲ, ಬೆನ್ನು ನೋಡುತ್ತಾರೆ. ಒಂದು, ಎರಡು, ಮೂರು, ನಾಲ್ಕು ಎಂದು ಪೆನ್ನಿನ ತುದಿಯಿಂದ ಎಣಿಸಿದ. ಎಂಬೆಸಿಯ ಮುದ್ರೆಯ ಹತ್ತಿರ ಬಗ್ಗಿ ನೋಡಿ, "ಎಷ್ಟು ಕ್ಲಿಯರ್ ಆಗಿ ಬಂದಿದೆ ನೋಡಿ, ನನ್ನದು ಮಸಿ ಮಸಿ" ಎಂದು ಪಕ್ಕದವನಿಗೂ ತೋರಿಸಿದ. ಪಕ್ಕದವನು ಮೆಚ್ಚಿ ತಲೆಯಾಡಿಸಿದ. ಗುರುದತ್ತ ಸಹಿ ಹಾಕಿ, ಹೆಸರು ಕೇಳಿ ಗುರುತಿನ ಕಾರ್ಡು ಬರೆದು ಕಾಗದದ ಜೊತೆ ಕೈಗಿಟ್ಟ. ಶಾಮಸುಂದರ, ಪೊಯ್ಯೆಗುಡ್ಡೆ ಕಾಲೇಜು, ರೈಟ್ ಬ್ಯಾಕ್. ಹೀಗೆ ಒಂದು ನಿಮಿಷದೊಳಗೆ ಅವನು ಕಾನೂನುಬದ್ಧನಾದ. ಮೆಟ್ಟಿಲಿಳಿಯುವಾಗ ಅವನಿಗೆ ಹಗುರವೆನ್ನಿಸಬೇಕಿತ್ತು. ಅದರ ಬದಲು ಏನೋ ಅವಮಾನವೆನ್ನಿಸಿತು. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಒದ್ದಾಡಿದ್ದನ್ನು ಮೇಜಿನ ಮೇಲಿಟ್ಟರೆ ಯಾರೂ ಓದಲೂ ಇಲ್ಲ.

ಸಲಾಂ ಸಂಜೆಯ ಮಗ್ರಿಬ್ ನಮಾಜಿಗೆ ಹೋದ, ನಿಹಾಲನೂ ಜೊತೆಗೆ ಹೋದ; ಅವರು ಬರುವ ತನಕ ಶಾಮಸುಂದರ ಸಲಾಂನ ಸನ್ನಿ ಕಾರಿನಲ್ಲಿ ಒಬ್ಬನೇ ಕೂತ. ಹೇಳುವುದು ಬೇಡ ಎಂದು ನಿಶ್ಚಯಿಸಿದ. ಯಾರಿಗೂ ಇದರಿಂದ ನಷ್ಟವಿಲ್ಲ, ಟೀಮ್ ಆಯಿತು, ಮುದ್ರೆಯೂ ಆಯಿತು. ಈ ನಿಶ್ಚಯ ಎಷ್ಟು ಗಟ್ಟಿಯಾಗಿತ್ತೆಂದರೆ ಅವನು ರೇಡಿಯೋ ಹಾಕಿ ಒಂದು ಹಿಂದಿ ಹಾಡಿಗೆ ತಲೆ ಕೂಡ ಆಡಿಸಿದ.

ಕಾರು ಗರ್ಹೂದ್ ಸೇತುವೆ ದಾಟಿ ಅಲ್ ನಹ್ದಾದ ಕಡೆ ತಿರುಗುವಾಗ ಸಲಾಂ ಬಹಳ ಖುಷಿಯಲ್ಲಿದ್ದ. ಖುಷಿ ಬಂದರೆ ಅವನಿಗೆ ಆ ಕಥೆ ಬರುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ನಿಹಾಲ್ ಇನ್ನೂ ಕೇಳದವನು. "ಏಳರಲ್ಲಿ ನಿಲ್ತಿತ್ತು ಮಾರಾಯ ಅದು" ಎಂದು ಸಲಾಂ ಶುರು ಮಾಡಿದ. "ನಾನು ಹೋಗಿ ಮರ್ಯಾದೆಯಲ್ಲಿ ಟೈಮ್ ಕೇಳಿದೆ. ಅವ ಹೇಳ್ತಾನೆ, ಇನ್ನು ಐದು ನಿಮಿಷ ಅಂತ. ನಾನು ನಂಬಿದೆ. ನಂಬದೆ ಎಂತ ಮಾಡುದು? ವಾಚ್ ಕಟ್ಟಿದ್ದ." "ಆಮೇಲೆ ಸಲಾಂ ಭಾಯ್?" "ಆಮೇಲೆ ಎಂತ, ಈ ಕಾಲು. ಮಳೆ ಬರುವಾಗ ಈಗಲೂ ನೋಯ್ತದೆ. ಇಲ್ಲಿ ಮಳೆ ಇಲ್ಲ, ಅದೊಂದು ಪುಣ್ಯ." "ಯಾರು ಅವನು?" "ಕೋಟೆಬೆಟ್ಟಿನವ. ಮುಖ ನನಗೆ ಈಗಲೂ ಕಣ್ಣ ಎದುರು ಉಂಟು. ಹಲ್ಲು ಉಬ್ಬು. ಕೋಳಿ ಕದ್ದವನ ಹಾಗೆ ಕಣ್ಣು." ಶಾಮಸುಂದರ ಕಿಟಕಿಯ ಹೊರಗೆ ನೋಡುತ್ತಿದ್ದ. ಕಥೆಯಲ್ಲಿ ಹಲ್ಲು ಉಬ್ಬಾದದ್ದು ಎರಡು ವರ್ಷದ ಹಿಂದೆ. ಕೋಳಿ ಹೋದ ವರ್ಷ ಸೇರಿದ್ದು. ಅವನ್ನು ಅವನು ನುಂಗಿಕೊಂಡಿದ್ದ, ಇಂದೂ ನುಂಗಿಕೊಂಡ. "ಮತ್ತೆ ಗಿಡ್ಡ" ಎಂದ ಸಲಾಂ. "ಇಷ್ಟೇ ಇಷ್ಟು. ಬೆಂಚಿನ ಮೇಲೆ ನಿಂತಿರ್ಬೇಕು ಅವ."

"ಗಿಡ್ಡ ಅಲ್ಲ" ಎಂದ ಶಾಮಸುಂದರ.

ಹೇಳಿದ ಮೇಲೆಯೇ ಹೇಳಿದೆನೆಂದು ಅವನಿಗೆ ತಿಳಿದದ್ದು. ಹನ್ನೊಂದು ವರ್ಷದಿಂದ ಅವನ ಒಳಗೆ ಪಾಪಪ್ರಜ್ಞೆ ಒದ್ದಾಡುತ್ತಿತ್ತು. ಆದರೆ ಕೊನೆಗೆ ಬಾಯಿ ಬಿಡಿಸಿದ್ದು ಪಾಪಪ್ರಜ್ಞೆಯಲ್ಲ, ಐದಡಿ ಒಂಬತ್ತಂಗುಲ. ಸಲಾಂ ರೇಡಿಯೋ ಆರಿಸಿದ. "ನಿನಗೆ ಹೇಗೆ ಗೊತ್ತು?" ಎಂದ. ಅದಕ್ಕೆ ಇನ್ನೂ ಒಂದು ಸುಳ್ಳು ಸಿದ್ಧವಾಗಿ ನಾಲಗೆಯ ತುದಿಗೆ ಬಂದಿತ್ತು, ಅಣ್ಣ ಹೇಳಿದ್ದು, ಅಣ್ಣ ಕೋಟೆಬೆಟ್ಟು, ಎಂದು. ಒಳ್ಳೆಯ ಸುಳ್ಳು. ಶಾಮಸುಂದರನಿಗೆ ತನ್ನ ಮೇಲೆಯೇ ಬೇಸರ ಬಂತು. "ಅದು ನಾನೇ" ಎಂದ.

ಸಲಾಂ ಕಾರನ್ನು ಬದಿಗೆ ತೆಗೆದು ನಿಲ್ಲಿಸಿದ. ಬದಿಯಲ್ಲಿ ಒಂದು ಲಾಂಡ್ರಿ, ಒಂದು ಗ್ರಾಸರಿ; ಗ್ರಾಸರಿಯ ಮುಂದೆ ಯಾರೋ ತಣ್ಣಗೆ ಲಬನ್ ಮಜ್ಜಿಗೆ ಕುಡಿಯುತ್ತಿದ್ದರು. "ಕಾಗದ ಕೊಡು" ಎಂದ. ಶಾಮಸುಂದರ ಕೊಟ್ಟ. ಸಲಾಂ ಒಳಗಿನ ದೀಪ ಹಾಕಿ, ಕಾಗದವನ್ನು ಮುಖ ಮೇಲಾಗಿ ಹಿಡಿದು, ಮೇಲಿನಿಂದ ಓದತೊಡಗಿದ. ಈ ದೇಶಕ್ಕೆ ಬಂದ ಮೇಲೆ ಆ ಕಡೆಯನ್ನು ಯಾರಾದರೂ ಓದಿದ್ದು ಇದೇ ಮೊದಲು. ಹೆಸರು ಓದಿದ, ತಂದೆಯ ಹೆಸರು ಓದಿದ, ಕಾಲೇಜಿನ ಸಾಲಿಗೆ ಬಂದು ಅಲ್ಲೇ ಬಹಳ ಹೊತ್ತು ಇದ್ದ. ಹೆಬ್ಬೆರಳಿನ ಬೆವರಿನ ಗುರುತು ಅಲ್ಲಿ ಇನ್ನೂ ಇತ್ತು. ಆಮೇಲೆ ಕೆಳಗೆ ಇಳಿದ. "ಸ್ಟಾಟಿಸ್ಟಿಕ್ಸಲ್ಲಿ ಮೂವತ್ತೈದಾ?" ಎಂದ. "ಹೌದು." "ಮೂವತ್ತೈದು ತೆಗೆದವ ವರ್ಷ ವರ್ಷ ಸೆಮಿಫೈನಲ್ ಖಚಿತ ಅಂತ ಬರೀತಾನೆ." ಹಿಂದಿನ ಸೀಟಿನಿಂದ ನಿಹಾಲ್ ಮೆಲ್ಲಗೆ, "ಸಲಾಂ ಭಾಯ್, ನಾನು ಇಳಿದು ನಡ್ಕೊಂಡು ಬರ್ಲಾ?" ಎಂದು ಕೇಳಿದ. ಕೇಳಿದನೇ ಹೊರತು ಇಳಿಯಲಿಲ್ಲ.

"ಕಾಲಿನದ್ದು ಬಿಡು" ಎಂದ ಸಲಾಂ ಕೊನೆಗೆ. ದೀಪ ಆರಿಸಿದ್ದ. "ಒಂಬತ್ತು ವರ್ಷ ಸೋತದ್ದು ನಾವು. ನಮ್ಮ ಕಾಲೇಜಿನವ ಒಬ್ಬ ನೋಡ್ಲಿಕ್ಕೆ ಬರುದಿಲ್ಲ. ಹೆಂಡತಿ ಬರುದಿಲ್ಲ, ನಫೀಸ ಹೇಳ್ತಾಳೆ ಬೇರೆ ಕೆಲಸ ಇಲ್ವಾ ಅಂತ. ನಾನು ಗೋಲಲ್ಲಿ ನಿಂತು ಹಿಂದೆ ತಿರುಗಿ ನೋಡ್ತೇನೆ, ನೀನು ಒಬ್ಬ ಇರ್ತಿ. ಬೊಬ್ಬೆ ಹೊಡೀತಾ ಇರ್ತಿ. ಹೋಗ್ಲಿ, ಪೊಯ್ಯೆಗುಡ್ಡೆಯವ ಒಬ್ಬನಾದ್ರೂ ಉಂಟಲ್ಲ ಅಂತ ಮತ್ತೆ ನಿಲ್ತೇನೆ." ಅವನು ಸ್ಟಿಯರಿಂಗಿನ ಮೇಲೆ ಕೈ ಸವರಿದ. "ಅವನೂ ಕೋಟೆಬೆಟ್ಟಿನವ."

ಶಾಮಸುಂದರನಿಗೆ ಬೈಗುಳಕ್ಕೆ ಉತ್ತರ ಸಿದ್ಧವಿತ್ತು, ಏಟಿಗೂ ಮನಸ್ಸು ಸಿದ್ಧವಿತ್ತು. ಇದಕ್ಕೆ ಇರಲಿಲ್ಲ. ತಾನು ಕದ್ದದ್ದು ಬರೇ ಇಪ್ಪತ್ತು ನಿಮಿಷ ಎಂದುಕೊಂಡಿದ್ದ. "ಆ ದಿನ ನಮ್ಮವರು ಕಪ್ ಎತ್ತಿದ್ರು" ಎಂದ, "ಯಾರು ಯಾರು ಗೋಲ್ ಹೊಡೆದದ್ದು ಅಂತ ನನಗೆ ನೆನಪಿಲ್ಲ. ನೀನು ಚೆಂಡು ಒರೆಸಿದ್ದು ನೆನಪುಂಟು. ಹಾಸ್ಟೆಲಿಗೆ ಹೋಗಿ ಊಟ ಮಾಡ್ಲಿಲ್ಲ ನಾನು. ಐದು ನಿಮಿಷ ಅಂತ ಹೇಳಿದ್ದು ನಿನ್ನ ನೋಡಿ ಪಾಪ ಅಂತ ಕಂಡದ್ದಕ್ಕೆ. ಬೇರೆ ಎಂತದೂ ಇಲ್ಲ." ಇಷ್ಟು ಹೇಳುವುದಕ್ಕೆ ಹದಿನೇಳು ವರ್ಷ ಬೇಕಾಗಿತ್ತೇ ಎಂದು ಅವನಿಗೇ ನಾಚಿಕೆಯಾಯಿತು. ಗ್ರಾಸರಿಯವನು ಹೊರಗೆ ಬಂದು, ಕಾರಿಗೆ ಏನಾದರೂ ಬೇಕೇ ಎಂದು ಕೈಸನ್ನೆಯಲ್ಲಿ ಕೇಳಿದ. ಸಲಾಂ ಏನೂ ಬೇಡವೆಂದು ಕೈ ಆಡಿಸಿದ.

ಆಮೇಲೆ, ಮುಂದೆ ನೋಡುತ್ತಲೇ, "ಟೈಮ್ ಎಷ್ಟಾಯ್ತು?" ಎಂದು ಕೇಳಿದ.

ಶಾಮಸುಂದರ ವಾಚು ನೋಡಿದ. ಆರೂವರೆ ಎಂದು ಬಾಯಿಗೆ ಬಂದದ್ದನ್ನು ತಡೆದು, ಮತ್ತೊಮ್ಮೆ ನೋಡಿ, "ಆರು ಇಪ್ಪತ್ತಾರು" ಎಂದ. ಸಲಾಂ ಹಿಂದಕ್ಕೆ ತಿರುಗಿದ. "ನಿಹಾಲ್, ನಿನ್ನ ವಾಚಲ್ಲಿ ಎಷ್ಟು?" ನಿಹಾಲ್ ಗಾಬರಿಯಾಗಿ ಮೊಬೈಲೂ ವಾಚೂ ಎರಡೂ ನೋಡಿ, "ಆರು ಇಪ್ಪತ್ತಾರು, ಸಲಾಂ ಭಾಯ್" ಎಂದ. ಸಲಾಂ ಒಪ್ಪಿದವನಂತೆ ತಲೆಯಾಡಿಸಿ ಗೇರು ಹಾಕಿದ. "ಬರುವ ಶುಕ್ರವಾರ ನಾಲ್ಕೂವರೆಗೆ ಪ್ರಾಕ್ಟೀಸ್. ಬೂಟ್ ಉಂಟಾ ನಿನ್ನ ಹತ್ತಿರ?" "ಇಲ್ಲ." "ಅಬ್ದುಲ್ಲ ಬಿಟ್ಟು ಹೋದದ್ದು ಉಂಟು. ಎಂಟನೇ ನಂಬರು. ಆಗದಿದ್ರೆ ಎರಡು ಸಾಕ್ಸ್ ಹಾಕು." ಆಮೇಲೆ ಮನೆಯ ತನಕ ಅವನು ಮಾತಾಡಿದ್ದು ನಿಹಾಲನ ಎಡಗಾಲಿನ ಬಗ್ಗೆ ಮಾತ್ರ. ಶಾಮಸುಂದರ ಇಳಿದ ಮೇಲೆ ಕಿಟಕಿ ಇಳಿಸಿ, "ಗಿಡ್ಡ ಅಲ್ಲ, ಸರಿ. ಹಲ್ಲು ಉಬ್ಬು ಹೌದು" ಎಂದು ಹೇಳಿ ಹೋದ.

ಶಾಮಸುಂದರ ಮನೆಗೆ ಬಂದು ಕನ್ನಡಿಯಲ್ಲಿ ಹಲ್ಲು ನೋಡಿಕೊಂಡು, ನೇರ ಕಂಪ್ಯೂಟರಿನ ಮುಂದೆ ಕೂತ. ನಾಲ್ಕನೆಯ ಪ್ಯಾರಾ ಈಗ ತಾನಾಗಿಯೇ ಬಂತು. "ರೈಟ್ ಬ್ಯಾಕ್: ಶಾಮಸುಂದರ. ವಯಸ್ಸು ಮೂವತ್ತೇಳು. ಓಟವಿಲ್ಲ, ಅನುಭವವಿಲ್ಲ. ಕೋಟೆಬೆಟ್ಟು ಕಾಲೇಜಿನಲ್ಲಿ ಓದಿದವನು. ತಂಡದ ದುರ್ಬಲ ಜಾಗ ಇದೇ." ಇಪ್ಪತ್ತೇಳು ಮಂದಿಯೂ ಇದನ್ನು ಓದಲಿ ಎಂದು ಅವನಿಗೆ ಅನ್ನಿಸಿತು. ಓದಿದರೆ ಗುರುದತ್ತನ ಕಿವಿಗೂ ಹೋಗಿ ತಂಡವೇ ರದ್ದಾಗಬಹುದು ಎಂಬುದು ಆಮೇಲೆ ಹೊಳೆಯಿತು. ಕೊನೆಯಿಂದ ಎರಡನೆಯ ವಾಕ್ಯವನ್ನು ಅಳಿಸಿದ. ಸಲಾಂಗೆ ಕಳಿಸುವ ಪ್ರತಿಯಲ್ಲಿ ಮಾತ್ರ ಉಳಿಸಿದ. ಇನ್ನು ಉಳಿದದ್ದು ಕೊನೆಯ ಪ್ಯಾರಾ, ಫಲಿತಾಂಶದ್ದು. ಇಂದಿನ ದಿನಕ್ಕೆ ತಕ್ಕಂತೆ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕೆಂದು ಕೂತು, ರೈಟ್ ಬ್ಯಾಕನ್ನು ಲೆಕ್ಕಕ್ಕೆ ಹಿಡಿದು, ಮೊಣಕಾಲನ್ನು ಲೆಕ್ಕಕ್ಕೆ ಹಿಡಿದು, ಒಂಬತ್ತು ವರ್ಷವನ್ನು ಲೆಕ್ಕಕ್ಕೆ ಹಿಡಿದು ಯೋಚಿಸಿದ. ಆ ಎಡಗಾಲು ಮತ್ತೆ ನೆನಪಾಯಿತು. "ಸೆಮಿಫೈನಲ್ ಖಚಿತ" ಎಂದು ಬರೆದ. ಅದರಲ್ಲಿ ಅವನಿಗೆ ಒಂದಿಷ್ಟೂ ಸುಳ್ಳು ಕಾಣಿಸಲಿಲ್ಲ.

"ಊಟಕ್ಕೆ ಬರ್ತೀರಾ?" ಎಂದು ಸ್ವರ್ಣಲತಾ ಅಡಿಗೆಮನೆಯಿಂದ ಕೇಳಿದಳು. "ಇನ್ನು ಐದು" ಎಂದವನು ಅಲ್ಲಿಗೇ ತಡೆದ. ವಾಚು ನೋಡಿದ. ತಿದ್ದುವುದಿದೆ, ವಿಳಾಸಗಳನ್ನು ಹಾಕುವುದಿದೆ. "ಇಪ್ಪತ್ತು ನಿಮಿಷ ಬೇಕು" ಎಂದ, ಸ್ಪಷ್ಟವಾಗಿ. ಒಳಗೆ ಗ್ಯಾಸು ಆರಿಸಿದ್ದು ಕೇಳಿಸಿತು, ಪಾತ್ರೆಗಳಿಗೆ ಮುಚ್ಚಳ ಹಾಕಿದ್ದು ಕೇಳಿಸಿತು.

ಸರಿಯಾಗಿ ಇಪ್ಪತ್ತು ನಿಮಿಷಕ್ಕೆ ಶಾಮಸುಂದರ ಎದ್ದು, ಕೈ ತೊಳೆದು, ಊಟದ ಮೇಜಿಗೆ ಬಂದ. ಮನೆಯಲ್ಲಿ ಯಾರೂ ಇರಲಿಲ್ಲ. ಫ್ರಿಜ್ಜಿನ ಬಾಗಿಲ ಮೇಲೆ ಚೀಟಿ ಅಂಟಿಸಿತ್ತು: "ನೀವು ಇಪ್ಪತ್ತು ಅಂದ್ರಿ. ಹೇಗೂ ಎಂಬತ್ತು ಆಗ್ತದಲ್ಲ ಅಂತ ಮಾನ್ಯಳನ್ನು ಕರ್ಕೊಂಡು ಸೂಪರ್‌ಮಾರ್ಕೆಟಿಗೆ ಹೋದೆ." ಅವನು ಚೀಟಿಯನ್ನು ಎರಡು ಸಲ ಓದಿದ. ಆಮೇಲೆ ತಟ್ಟೆಯೊಂದನ್ನು ತೆಗೆದು ಎದುರಿಗಿಟ್ಟುಕೊಂಡು, ಹಸಿದುಕೊಂಡು, ಉಳಿದ ಅರವತ್ತು ನಿಮಿಷ ಕಾಯುತ್ತ ಕೂತ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಚಮಚವನ್ನು ಎತ್ತಿಕೊಂಡು, ತಟ್ಟೆಯ ಅಂಚಿಗೆ ಮೆಲ್ಲಗೆ ಬಡಿಯತೊಡಗಿತು.